ಫೋನಿನಲ್ಲಿ ಹೇಳಿದರೂ ನೆನಪಿರುವ ಲಿಂಕು: ನನ್ನ ಅನುಭವ

“ಉದ್ದ ಲಿಂಕನ್ನು ಚಿಕ್ಕದು ಮಾಡೋಕೆ ಶಾರ್ಟನರ್ ಸೇವೆ ಇದೆಯಲ್ಲ, ನೀನ್ಯಾಕೆ ಒದ್ದಾಡ್ತೀಯ?” ಜೊತೆಯಲ್ಲಿ ಕೆಲಸ ಮಾಡುವವರೆಲ್ಲ ಹೇಳಿದ್ದು ಇದನ್ನೇ. ಈಗ ನನ್ನ ಸೈಟಿನ ಸುಮಾರು 400 ಪುಟಗಳಿಗೆ ಡೊಮೇನ್ ಆದಮೇಲೆ ಒಂದೇ ಪದದ ವಿಳಾಸ. ಒಂದೂವರೆ ವರ್ಷದಿಂದ ಒಂದೂ ಮುರಿದಿಲ್ಲ.

ಶಾರ್ಟನರನ್ನು ನಾನೂ ಬಳಸಿದ್ದೆ. ಎಂಟು ತಿಂಗಳಾದ ಮೇಲೆ ಆ ಪುಕ್ಕಟೆ ಸೇವೆಯವರು ನಡುವೆ ಒಂದು ಜಾಹೀರಾತು ಪುಟ ತೂರಿಸಿದರು. ಅಷ್ಟರಲ್ಲಿ ಸಾವಿರದಷ್ಟು ಕಾರ್ಡು ಪ್ರಿಂಟಾಗಿತ್ತು, ಅಷ್ಟೂ ರದ್ದಿಗೆ ಹೋಯಿತು. ಆಮೇಲೆ ಸ್ವಂತಕ್ಕೆ ನಾಲ್ಕಕ್ಷರದ ಡೊಮೇನ್ ಕೊಂಡೆ. ಎರಡನೇ ವರ್ಷದ ರಿನ್ಯೂವಲ್ ಬಿಲ್ಲು ಮೊದಲ ವರ್ಷದ ಹೆಚ್ಚುಕಮ್ಮಿ ಆರು ಪಟ್ಟು, ಹೋಸ್ಟಿಂಗ್ ಖರ್ಚಿಗಿಂತಲೂ ಜಾಸ್ತಿ! ಕೈಬಿಟ್ಟೆ. ಅದರ ಲಿಂಕುಗಳೂ ಅದರ ಜೊತೆಗೇ ಹೋದವು.

ಮೂರನೇ ಸಲ ಆರು ಅಕ್ಷರದ ರ‍್ಯಾಂಡಮ್ ಕೋಡು. ಫೋನಿನಲ್ಲಿ ಹೇಳಬೇಕಾಗಿ ಬಂತು ನೋಡಿ: “ಕ್ಯಾಪಿಟಲ್ ಐ, ಆಮೇಲೆ ಸ್ಮಾಲ್ ಎಲ್, ಆಮೇಲೆ ಸೊನ್ನೆ. ಓ ಅಲ್ಲ, ಸೊನ್ನೆ.” ಮೂರು ಸಲ ಹೇಳಿದರೂ ಆ ಕಡೆಯವರು ಹೋಗಿ ನಿಂತದ್ದು ‘ಪುಟ ಸಿಗಲಿಲ್ಲ’ ಎನ್ನುವ 404ರಲ್ಲೇ. ಕೋಡಿನ ಆಸೆ ಅವತ್ತೇ ಬಿಟ್ಟೆ.

ಗೆದ್ದದ್ದು ತೀರಾ ಸರಳವಾದದ್ದು: ಇದ್ದ ಡೊಮೇನಿನಲ್ಲೇ, ಸೈಟನ್ನು ನಡೆಸುವ ವೆಬ್ ಸರ್ವರ್ ತಂತ್ರಾಂಶವಾದ ಎನ್‌ಜಿನ್ಎಕ್ಸ್‌ನ ಮ್ಯಾಪ್ ಎಂಬ ಪಟ್ಟಿ, ಸಾಲಿಗೊಂದು ಪದ, ಪದಕ್ಕೊಂದು ಪುಟ. ಅದರಲ್ಲಿ ಬರೆದ ಪದಕ್ಕೆ ದೊಡ್ಡಕ್ಷರ, ಸಣ್ಣಕ್ಷರದ ಭೇದವಿಲ್ಲ, ಯಾರು ಹೇಗೆ ಟೈಪಿಸಿದರೂ ಸಿಗುತ್ತದೆ. ಮೊದಲ ತಿಂಗಳು 302 (ಬ್ರೌಸರನ್ನು ತಾತ್ಕಾಲಿಕವಾಗಿ ಬೇರೆ ಪುಟಕ್ಕೆ ಕಳಿಸುವ ಸೂಚನೆ) ಮಾತ್ರ, ಪುಟ ಗಟ್ಟಿಯಾದ ಮೇಲೆ 301 (ಶಾಶ್ವತವಾಗಿ ಕಳಿಸುವ ಸೂಚನೆ). ಶುರುವಿನಲ್ಲೇ 301 ಕೊಟ್ಟು ಕೈ ಸುಟ್ಟುಕೊಂಡಿದ್ದೇನೆ. ತಪ್ಪು ಗುರಿ ತಿದ್ದಿದರೂ ಬ್ರೌಸರುಗಳು ಹಳೆಯದನ್ನೇ ಹಿಡಿದುಕೊಂಡು ಕೂತಿದ್ದವು. ಇನ್ನೊಮ್ಮೆ ‘ಫೀಡ್’ ಎಂಬ ಪದವನ್ನೇ ಒಂದು ಪುಟಕ್ಕೆ ಕೊಟ್ಟು, ಅದೇ ವಿಳಾಸದಲ್ಲಿದ್ದ, ಹೊಸ ಬರಹಗಳ ಪಟ್ಟಿ ಕೊಡುವ ಸೈಟಿನ ಆರ್‌ಎಸ್‌ಎಸ್ ಎರಡು ದಿನ ಮಾಯವಾಗಿತ್ತು. ಸೈಟು ತಾನೇ ಬಳಸುವ ಪದಗಳನ್ನು ಈಗ ಮೊದಲೇ ಬೇರೆ ತೆಗೆದಿಡುತ್ತೇನೆ. ಒಮ್ಮೆ ಒಂದು ಪುಟಕ್ಕೆ ಕೊಟ್ಟ ಪದ ಮತ್ತೊಂದಕ್ಕೆ ಹೋಗುವುದೇ ಇಲ್ಲ. ಪದ ಆರಿಸುವುದಕ್ಕೆ ನನ್ನದೇ ಒಂದು ಪರೀಕ್ಷೆ ಇದೆ, ಅದು ನನ್ನ ಹತ್ತಿರವೇ ಇರಲಿ.

ಕನ್ನಡ ಲಿಪಿಯ ವಿಳಾಸವನ್ನೂ ಆಸೆಯಿಂದ ಮಾಡಿ ನೋಡಿದೆ. ಬ್ರೌಸರಿನಲ್ಲಿ ಚೆಂದ. ಕಾಪಿ ಮಾಡಿ ಅಂಟಿಸಿದರೆ ಪರ್ಸೆಂಟ್ ಚಿಹ್ನೆಗಳ ಸಾಲು: ಕನ್ನಡದ ಒಂದು ಚಿಹ್ನೆಗೆ 3 ಬೈಟು, ಬೈಟಿಗೆ 3 ಅಕ್ಷರ. ‘ಕನ್ನಡ’ ಎಂಬ ಪುಟ್ಟ ಪದವೇ ಒತ್ತಿನ ಹಲಂತ (್) ಸೇರಿ ಐದು ಚಿಹ್ನೆ, ಅಂದರೆ 45 ಅಕ್ಷರವಾಯಿತು. ನಿಜಕ್ಕೂ ಬೇಜಾರಾಯಿತು. ಆ ವಿಳಾಸಗಳನ್ನು ತೆಗೆದಿಲ್ಲ, ರೋಮನ್ ಪದದ ಪಕ್ಕದಲ್ಲೇ ಇಟ್ಟುಕೊಂಡಿದ್ದೇನೆ.

ಕ್ಯೂಆರ್ ಮಾಡುವವರಿಗೆ ಒಂದು ಮಾತು. ನನ್ನ ಮ್ಯಾಪಿನ ಹಾಗೆ ಅಕ್ಷರಭೇದವಿಲ್ಲದ ವಿಳಾಸವಾದರೆ, ಇಡೀ ವಿಳಾಸವನ್ನು ದೊಡ್ಡಕ್ಷರದಲ್ಲೇ ಕೊಡಿ. ಆಗ ಕೋಡು ಅಕ್ಷರಕ್ಕೆ ಕಡಿಮೆ ಜಾಗ ತಿನ್ನುವ ಬಗೆಗೆ (ಮೋಡ್) ಹೋಗುತ್ತದೆ. ನನ್ನ 30 ಅಕ್ಷರದ ವಿಳಾಸ ಎಮ್ ಮಟ್ಟದ ತಿದ್ದುಪಡಿಯಲ್ಲಿ (ಕೋಡು ಸ್ವಲ್ಪ ಹಾಳಾದರೂ ಓದಿಸುವ ಏರ್ಪಾಡು) 29ಕ್ಕೆ 29 ಚೌಕದಿಂದ 25ಕ್ಕೆ 25ಕ್ಕೆ ಇಳಿಯಿತು. ಹೊಸ ಕಾರ್ಡಿನ ಮೂಲೆಯಲ್ಲಿ ಹೆಬ್ಬೆರಳ ಉಗುರಿನಷ್ಟು ಜಾಗದಲ್ಲಿ ಹಾಕಿಸಿದೆ, ನನ್ನ ಹಳೇ ಫೋನೂ ಒಂದೇ ಸಲಕ್ಕೆ ಓದಿತು.