ಕೆರಿಬಿಯನ್‌ನಲ್ಲಿ ಡೈವಿಂಗ್ ಯಾಟ್: ಮೊದಲು ನೀರು, ಆಮೇಲೆ ದೋಣಿ

ಯಾಟ್ (ವಿಹಾರದ ಹಾಯಿದೋಣಿ) ಬಾಡಿಗೆಗೆ ಹಿಡಿಯಲು ಕೂತವರು ಸಾಮಾನ್ಯವಾಗಿ ಮೊದಲು ದೋಣಿಯ ಫೋಟೊಗಳನ್ನೇ ನೋಡುತ್ತಾರೆ. ಎಷ್ಟು ಕ್ಯಾಬಿನ್, ಎಸಿ ಇದೆಯಾ, ಮುಂಭಾಗಕ್ಕೆ ಕಟ್ಟಿದ ಬಲೆಯ ಮೇಲೆ ಮಲಗಬಹುದಾ ಅಂತ. ಸುಮ್ನೆ ಹಾಯಿ ಬಿಚ್ಚಿ ತಿರುಗಾಡಿ ಬರುವವರಿಗೆ ಅಷ್ಟು ಸಾಕು. ಡೈವಿಂಗ್ (ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಆಳಕ್ಕಿಳಿಯುವುದು), ಸ್ನಾರ್ಕೆಲಿಂಗ್‌ಗೆಂದೇ (ಉಸಿರಿನ ಕೊಳವೆ ಹಾಕಿಕೊಂಡು ಮೇಲೆ ತೇಲುತ್ತಾ ನೋಡುವುದು) ಹೋಗುವವರು ಈ ಕ್ರಮವನ್ನು ತಲೆಕೆಳಗು ಮಾಡಬೇಕು. ಯಾರು ನೀರಿಗಿಳಿಯುತ್ತಾರೆ, ಯಾವ ತಿಂಗಳು, ನೀರಿನಡಿ ಏನು ನೋಡಬೇಕು, ಇಷ್ಟು ತೀರ್ಮಾನವಾದ ಮೇಲೆ ದೋಣಿ ಹುಡುಕಿ.

ಉದಾಹರಣೆಗೆ ಬ್ರಿಟಿಷ್ ವರ್ಜಿನ್ ಐಲ್ಯಾಂಡ್ಸ್ ತೆಗೆದುಕೊಳ್ಳೋಣ. ಎಲ್ಲರ ಬಾಯಲ್ಲೂ ಅದು ಬಿವಿಐ. ಮೊದಲ ಸಲ ಹೋಗುವವರಿಗೆ ಕೆರಿಬಿಯನ್‌ನಲ್ಲಿ ಇದಕ್ಕಿಂತ ಸುಲಭದ ಜಾಗ ಇಲ್ಲ ಅಂತಲೇ ನನ್ನ ಅಭಿಪ್ರಾಯ. ಹೆಚ್ಚಿನ ದ್ವೀಪಗಳು ಒಂದರಿಂದ ಇನ್ನೊಂದಕ್ಕೆ ಕಣ್ಣಿಗೆ ಕಾಣುತ್ತವೆ. ನಡುವಿನ ಸರ್ ಫ್ರಾನ್ಸಿಸ್ ಡ್ರೇಕ್ ಚಾನೆಲ್ ಎಂಬ ಜಲಮಾರ್ಗಕ್ಕೆ ಸುತ್ತಲ ದ್ವೀಪಗಳೇ ಮರೆ. ಉಬ್ಬರ ಇಳಿತದ ವ್ಯತ್ಯಾಸ ಅರ್ಧ ಮೀಟರೂ ಇರುವುದಿಲ್ಲ. ಬೆಳಿಗ್ಗೆ ಡೈವ್ ಮುಗಿಸಿ ಒಂದೆರಡು ಗಂಟೆ ಹಾಯಿ ಹಾಕಿದರೆ ಮುಂದಿನ ದ್ವೀಪ ಬಂದೇಬಿಟ್ಟಿತು.

ಜನರ ಲೆಕ್ಕ

ಒಂದು ಹಾಳೆಯಲ್ಲಿ ಗುಂಪಿನ ಎಲ್ಲರ ಹೆಸರು ಬರೆಯಿರಿ. ಪಕ್ಕದಲ್ಲಿ ಯಾರಿಗೆ ಈಜು ಬರುತ್ತದೆ, ಯಾರಿಗೆ ಬರುವುದಿಲ್ಲ, ಯಾರ ಬಳಿ ಡೈವಿಂಗ್ ಸರ್ಟಿಫಿಕೇಟ್ ಇದೆ ಎಂದು ಗುರುತು ಹಾಕಿ. ಮೊದಲ ಹಂತದ ಓಪನ್ ವಾಟರ್ ಸರ್ಟಿಫಿಕೇಟಿನವರು 18 ಮೀಟರ್‌ವರೆಗೆ ಇಳಿಯಬಹುದು. ಅದರ ಮೇಲಿನ ಹಂತದ ಅಡ್ವಾನ್ಸ್ಡ್ ಇದ್ದರೆ 30 ಮೀಟರ್. ಈ ವ್ಯತ್ಯಾಸ ಬಿವಿಐಯಲ್ಲಿ ನಿಜಕ್ಕೂ ಮುಖ್ಯ, ಯಾಕೆಂದು ಮುಂದೆ ಹೇಳುತ್ತೇನೆ.

ಸರ್ಟಿಫಿಕೇಟ್ ಅಲ್ಲಿಗೆ ಹೋಗಿ ಮಾಡೋಣ ಎಂದುಕೊಳ್ಳಬೇಡಿ. ವಾರದ ಬಾಡಿಗೆಯಲ್ಲಿ ಮೂರ್ನಾಲ್ಕು ದಿನ ಪಾಠಕ್ಕೇ ಹೋಗುತ್ತದೆ. ಕರ್ನಾಟಕದಲ್ಲಿ ಇರುವವರಿಗೆ ಮುರ್ಡೇಶ್ವರದ ಹತ್ತಿರದ ನೇತ್ರಾಣಿ ಇದೆಯಲ್ಲ. ಮಳೆಗಾಲ ಬಿಟ್ಟು ಉಳಿದ ತಿಂಗಳುಗಳಲ್ಲಿ ಅಲ್ಲೇ ಕೋರ್ಸ್ ಮುಗಿಸಬಹುದು. ಹಿಂದೆಂದೋ ಕಲಿತು ವರ್ಷಗಟ್ಟಲೆ ನೀರಿಗಿಳಿಯದವರು ಒಂದು ರಿಫ್ರೆಶರ್ ಮಾಡಿಕೊಳ್ಳಿ. ಕಲಿಸುವವರೂ ಅದನ್ನೇ ಕೇಳುತ್ತಾರೆ.

ಈಜು ಬಾರದವರು ಬರಲೇಬಾರದು ಅಂತೇನಿಲ್ಲ. ಆದರೆ ಅವರಿಗೆ ನೀರಲ್ಲಿ ತೇಲಿಸುವ ಸ್ನಾರ್ಕೆಲ್ ವೆಸ್ಟ್ ಬೇಕು, ನೀರಲ್ಲಿ ಜೊತೆಗೊಬ್ಬರು ಬೇಕು. ಗುಂಪಿನ ಅರ್ಧ ಜನ ಡೈವಿಂಗ್ ಮಾಡದವರಾಗಿದ್ದರೆ ದಿನಕ್ಕೊಂದೇ ಡೈವ್ ಇಟ್ಟುಕೊಳ್ಳಿ. ದೋಣಿಯಲ್ಲಿ ಕಾಯುತ್ತಾ ಕೂರುವವರ ಮುಖ ಸಂಜೆ ಹೊತ್ತಿಗೆ ನೋಡಲಾಗುವುದಿಲ್ಲ!

ಯಾವ ತಿಂಗಳು

ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಸೀಸನ್. ಬಾಡಿಗೆ ಜಾಸ್ತಿ, ಜನವೂ ಜಾಸ್ತಿ. ಹಾಯಿ ಹಾಕುವವರಿಗೆ ಅದು ಹಬ್ಬದ ಕಾಲ, ಪೂರ್ವದ ಗಾಳಿ ಬಿಡುವಿಲ್ಲದೆ ಬೀಸುತ್ತದೆ. ಕ್ರಿಸ್‌ಮಸ್ ಆಸುಪಾಸಿನಲ್ಲಿ ಅದೇ ಗಾಳಿ 20-25 ನಾಟ್ (ಗಂಟೆಗೆ ಸುಮಾರು 37-46 ಕಿಲೋಮೀಟರ್) ಮುಟ್ಟುವುದುಂಟು. ಜೊತೆಗೆ ಚಳಿಗಾಲದಲ್ಲಿ ಉತ್ತರ ಅಟ್ಲಾಂಟಿಕ್‌ನಿಂದ ದೊಡ್ಡ ಅಲೆಗಳು ಉರುಳಿ ಬರುತ್ತವೆ. ಆಗ ಉತ್ತರಕ್ಕೆ ತೆರೆದುಕೊಂಡ ಜಾಗಗಳಲ್ಲಿ ಈಜುವುದು ಅಪಾಯ, ನೀರೂ ಕಲಕಿರುತ್ತದೆ.

ನೀರಿಗಿಳಿಯುವವರಿಗೆ ನನ್ನ ಆಯ್ಕೆ ಮೇ ಮತ್ತು ಜೂನ್ ಮೊದಲ ಭಾಗ. ಗಾಳಿ ಇಳಿದಿರುತ್ತದೆ, ಉತ್ತರದ ಅಲೆ ಅಪರೂಪ, ಬಾಡಿಗೆಯೂ ಕಡಿಮೆ. ನೀರು 27-28 ಡಿಗ್ರಿ, ತೆಳು ವೆಟ್‌ಸೂಟ್ (ಮೈ ಬೆಚ್ಚಗಿಡುವ ಡೈವಿಂಗ್ ಉಡುಪು) ಸಾಕು. ಚಂಡಮಾರುತದ ಕಾಲ ಜೂನ್ 1ರಿಂದ ನವೆಂಬರ್ 30ರವರೆಗೆ ಎಂಬುದು ನೆನಪಿರಲಿ. ಅದರಲ್ಲೂ ಆಗಸ್ಟ್, ಸೆಪ್ಟೆಂಬರ್, ಅಕ್ಟೋಬರ್ ಬೇಡವೇ ಬೇಡ. 2017ರ ಸೆಪ್ಟೆಂಬರ್ 6ರಂದು ಬಂದ ಇರ್ಮಾ ಈ ದ್ವೀಪಗಳ ಮನೆಗಳನ್ನೂ ಬಂದರುಗಳಲ್ಲಿದ್ದ ದೋಣಿಗಳನ್ನೂ ಚಿಂದಿ ಮಾಡಿತ್ತು.

ನೀರಿನಡಿ ಏನಿದೆ

ಬಿವಿಐಗೆ ಡೈವಿಂಗ್‌ಗೆ ಹೋಗಿ ಆರ್‌ಎಂಎಸ್ ರೋನ್ ಎಂಬ ಮುಳುಗಿದ ಹಡಗು ನೋಡದೆ ಬರುವುದು ಹಂಪಿಗೆ ಹೋಗಿ ವಿರೂಪಾಕ್ಷನ ಗುಡಿ ನೋಡದೆ ಬಂದಂತೆ. ರೋನ್ ಬ್ರಿಟಿಷರ ಅಂಚೆ ಹಡಗು, ಉದ್ದ ಸುಮಾರು 94 ಮೀಟರ್. 1867ರ ಅಕ್ಟೋಬರ್ 29ರಂದು ಚಂಡಮಾರುತದಿಂದ ತಪ್ಪಿಸಿಕೊಂಡು ತೆರೆದ ಸಮುದ್ರಕ್ಕೆ ಹೋಗುವಾಗ ಸಾಲ್ಟ್ ಐಲ್ಯಾಂಡ್‌ನ ಬಂಡೆಗೆ ಅಪ್ಪಳಿಸಿತು. ಕಾದ ಬಾಯ್ಲರ್‌ಗಳಿಗೆ ತಣ್ಣನೆ ಸಮುದ್ರದ ನೀರು ನುಗ್ಗಿ ಸ್ಫೋಟವಾಗಿ ಹಡಗು ಎರಡಾಯಿತು ಎನ್ನುತ್ತಾರೆ. ನೂರಕ್ಕೂ ಹೆಚ್ಚು ಜನ ಸತ್ತರು. 1980ರಲ್ಲಿ ಈ ಜಾಗ ಸಂರಕ್ಷಿತ ಸಮುದ್ರ ಉದ್ಯಾನವಾಯಿತು.

ಈಗ ಮುಂಭಾಗ ಸುಮಾರು 24 ಮೀಟರ್ ಆಳದಲ್ಲಿ ಒಂದು ಪಕ್ಕಕ್ಕೆ ವಾಲಿ ಮಲಗಿದೆ. ಕಬ್ಬಿಣದ ಪಕ್ಕೆಗಳ ತುಂಬ ಹವಳ, ಸ್ಪಂಜು, ಮೀನಿನ ಹಿಂಡು. ಅಡ್ವಾನ್ಸ್ಡ್ ಸರ್ಟಿಫಿಕೇಟಿನ ಮಾತು ಬಂದದ್ದು ಇದಕ್ಕೇ. ಓಪನ್ ವಾಟರ್‌ನವರು ಬೇಜಾರು ಮಾಡಿಕೊಳ್ಳಬೇಕಿಲ್ಲ, ಹಿಂಭಾಗ ಆಳ ಕಡಿಮೆಯಿರುವ ಕಡೆ ಬಿದ್ದಿದೆ. ದೊಡ್ಡ ಪ್ರೊಪೆಲ್ಲರ್ ಅಲ್ಲೇ ಇದೆ. ನೀರು ತಿಳಿಯಾಗಿದ್ದ ದಿನ ಸ್ನಾರ್ಕೆಲ್ ಹಾಕಿಕೊಂಡವರಿಗೂ ಮೇಲಿಂದ ಕಾಣುತ್ತದೆ. ಹಾಗಾಗಿ ಇಡೀ ಗುಂಪು ಒಟ್ಟಿಗೆ ಹೋಗಬಹುದಾದ ಜಾಗ ಇದು. ಅಲ್ಲಿ ಲಂಗರು ಹಾಕುವಂತಿಲ್ಲ. ಏನನ್ನೂ ಎತ್ತಿಕೊಂಡು ಬರುವಂತಿಲ್ಲ, ಒಂದು ಮೊಳೆಯನ್ನೂ ಸಹ.

ಸ್ನಾರ್ಕೆಲಿಂಗ್‌ಗೆ ನಾರ್ಮನ್ ಐಲ್ಯಾಂಡ್‌ನ ಗುಹೆಗಳು, ಅದರ ಹತ್ತಿರವೇ ನೀರಿನಿಂದ ಮೇಲೆದ್ದ ‘ದಿ ಇಂಡಿಯನ್ಸ್’ ಎಂಬ ನಾಲ್ಕು ಬಂಡೆಗಳು, ಕೂಪರ್ ಐಲ್ಯಾಂಡ್‌ನ ಸಿಸ್ಟರ್ನ್ ಪಾಯಿಂಟ್ ಚೆನ್ನಾಗಿವೆ. ವರ್ಜಿನ್ ಗೋರ್ಡಾದ ‘ದಿ ಬಾತ್ಸ್’ ಹೆಸರುವಾಸಿ ಜಾಗ, ಮನೆಯಷ್ಟು ದೊಡ್ಡ ಕಲ್ಲುಬಂಡೆಗಳ ನಡುವೆ ನೀರಿನ ಕೊಳಗಳು. ಕೆಂಪು ಬಾವುಟ ಹಾರುತ್ತಿದ್ದರೆ ಈಜಲು ಹೋಗಬೇಡಿ. ಹಡಗಿನ ಹುಚ್ಚಿರುವವರಿಗೆ ಕೋಡಿಯಾಕ್ ಕ್ವೀನ್ ಇದೆ. ಪರ್ಲ್ ಹಾರ್ಬರ್ ದಾಳಿಯಲ್ಲಿ ಉಳಿದ ಈ ಇಂಧನ ಹಡಗನ್ನು 2017ರಲ್ಲಿ ವರ್ಜಿನ್ ಗೋರ್ಡಾ ಬಳಿ ಬೇಕೆಂದೇ ಮುಳುಗಿಸಿ ಹವಳ ಬೆಳೆಯಲು ಬಿಟ್ಟಿದ್ದಾರೆ.

ಇನ್ನು ಅನೆಗಾಡಾ. ಉಳಿದ ದ್ವೀಪಗಳೆಲ್ಲ ಗುಡ್ಡ, ಇದೊಂದು ಮಾತ್ರ ಚಪ್ಪಟೆ, ಎತ್ತರ ಒಂಬತ್ತು ಮೀಟರೂ ಇಲ್ಲ. ಅದರ ಸುತ್ತ ಸುಮಾರು 29 ಕಿಲೋಮೀಟರ್ ಉದ್ದದ ಹಾರ್ಸ್‌ಶೂ ಹವಳದ ದಂಡೆ. ಹಡಗುಗಳ ಸ್ಮಶಾನ ಎಂದೇ ಪ್ರಸಿದ್ಧ. ಗುರುತು ಹಾಕಿದ ದಾರಿ ಬಿಟ್ಟು ಬಾಡಿಗೆ ದೋಣಿ ಒಯ್ಯುವಂತಿಲ್ಲ. ಹೋಗುವುದಾದರೆ ಸೂರ್ಯ ನೆತ್ತಿಯ ಮೇಲಿರುವಾಗ ತಲುಪುವಂತೆ ಹೊರಡಿ, ಆಗಲೇ ನೀರಿನಡಿಯ ಹವಳ ಕಣ್ಣಿಗೆ ಬೀಳುವುದು. ದ್ವೀಪದ ಇನ್ನೊಂದು ಬದಿಯ ಲಾಬ್‌ಲಾಲಿ ಬೇ ಎಂಬ ಕೊಲ್ಲಿಗೆ ಟ್ಯಾಕ್ಸಿಯಲ್ಲಿ ಹೋಗಿ ದಡದಿಂದಲೇ ಸ್ನಾರ್ಕೆಲ್ ಮಾಡಬಹುದು.

ಈಗ ದೋಣಿ

ಮೂರು ದಾರಿ ಇವೆ. ದೋಣಿ ಮಾತ್ರ ಪಡೆದು ನೀವೇ ನಡೆಸುವುದು ಬೇರ್‌ಬೋಟ್. ಇದಕ್ಕೆ ನಿಮ್ಮ ಹಾಯಿ ಅನುಭವದ ವಿವರ ಬರೆದು ಕೊಡಬೇಕು, ಕಂಪನಿಗೆ ನಂಬಿಕೆ ಬರದಿದ್ದರೆ ಕೊಡುವುದಿಲ್ಲ. ಎರಡನೆಯದು ಅದೇ ದೋಣಿಗೆ ಅದನ್ನು ನಡೆಸುವ ಒಬ್ಬ ಸ್ಕಿಪ್ಪರ್ ಹಾಕಿಸಿಕೊಳ್ಳುವುದು. ಅವರಿಗೊಂದು ಕ್ಯಾಬಿನ್, ಊಟ ನಿಮ್ಮದು. ಮೂರನೆಯದು ಕ್ರೂ ಸಮೇತ ಚಾರ್ಟರ್, ಅಂದರೆ ಸಿಬ್ಬಂದಿಯೊಡನೆ ಬಾಡಿಗೆ. ಕ್ಯಾಪ್ಟನ್, ಅಡುಗೆಯವರು, ಕೆಲವು ದೋಣಿಗಳಲ್ಲಿ ಡೈವ್ ಮಾಸ್ಟರ್ ಮತ್ತು ಸಿಲಿಂಡರ್ ತುಂಬುವ ಕಂಪ್ರೆಸರ್ ಕೂಡ ಇರುತ್ತಾರೆ. ವಾರಕ್ಕೆ ತಲೆಗೆ 3,000 ಡಾಲರ್ ದಾಟುವುದು ಇಲ್ಲಿ ಮಾಮೂಲು. ಅದರ ಮೇಲೆ 15ರಿಂದ 20 ಪರ್ಸೆಂಟ್ ಟಿಪ್ಸ್. ಬುಕ್ ಮಾಡುವಾಗ ಕೇಳಲೇಬೇಕಾದ ಪ್ರಶ್ನೆ ಒಂದು: ಡೈವ್‌ಗಳು ಬಾಡಿಗೆಯಲ್ಲೇ ಸೇರಿವೆಯಾ, ಸೇರಿದ್ದರೆ ಎಷ್ಟು?

ಕಂಪ್ರೆಸರ್ ಇರುವ ದೋಣಿಯೇ ಬೇಕೆಂದು ಹಟ ಹಿಡಿಯಬೇಡಿ. ಬಿವಿಐಯ ಡೈವ್ ಅಂಗಡಿಗಳವರು ತಮ್ಮ ಬೋಟ್ ತಂದು ನಿಮ್ಮನ್ನು ನಿಮ್ಮ ಯಾಟ್‌ನಿಂದಲೇ ಹತ್ತಿಸಿಕೊಂಡು ಹೋಗಿ, ಡೈವ್ ಮಾಡಿಸಿ ವಾಪಸ್ ಬಿಡುತ್ತಾರೆ. ಸಾಮಾನು ಅವರದು, ಜಾಗ ಗೊತ್ತಿರುವ ಗೈಡ್ ಕೂಡ ಅವರೇ. ರೋನ್‌ನಂಥ ಕಡೆ ನಾನಂತೂ ಇದನ್ನೇ ಹೇಳುತ್ತೇನೆ. ನಿಮ್ಮ ಯಾಟ್ ಆರಾಮಾಗಿ ಕಟ್ಟಿಕೊಂಡಿರುತ್ತದೆ, ಡೈವ್ ಮಾಡದವರು ಇನ್ನೊಂದು ಲೋಟ ಕಾಫಿ ಕುಡಿಯುತ್ತಾರೆ.

ಒಂಟಿ ಹೊಟ್ಟೆಯ ದೋಣಿಗಿಂತ ಜೋಡಿ ಹೊಟ್ಟೆಯ ಕ್ಯಾಟಮರಾನ್ ವಾಲುವುದು ಕಡಿಮೆ, ಹಿಂದಿನ ಮೆಟ್ಟಿಲಿನಿಂದ ನೀರಿಗಿಳಿಯುವುದೂ ಸುಲಭ. ಮಕ್ಕಳು, ಹಿರಿಯರು ಇದ್ದರೆ ಇನ್ನೇನೂ ಯೋಚಿಸಬೇಡಿ.

ದಾರಿ ಹಾಕುವುದು

ಏಳು ರಾತ್ರಿಗೆ ಒಂದು ಮಾದರಿ. ಬಿವಿಐಯ ದೊಡ್ಡ ದ್ವೀಪ ಟಾರ್ಟೋಲಾದ ರೋಡ್ ಟೌನ್‌ನಿಂದ ಮೊದಲ ದಿನ ಮಧ್ಯಾಹ್ನ ನಾರ್ಮನ್ ಐಲ್ಯಾಂಡ್. ಎರಡನೆಯ ದಿನ ಬೆಳಿಗ್ಗೆ ಗುಹೆ ಮತ್ತು ಇಂಡಿಯನ್ಸ್, ಸಂಜೆಗೆ ಕೂಪರ್ ಐಲ್ಯಾಂಡ್. ಮೂರನೆಯ ದಿನ ರೋನ್, ರಾತ್ರಿ ಮತ್ತೆ ಕೂಪರ್. ನಾಲ್ಕನೆಯ ದಿನ ಬೆಳಿಗ್ಗೆ ಬೇಗ ಬಾತ್ಸ್, ಆಮೇಲೆ ವರ್ಜಿನ್ ಗೋರ್ಡಾದ ನಾರ್ತ್ ಸೌಂಡ್. ಐದು ಮತ್ತು ಆರನೆಯ ರಾತ್ರಿ ಅನೆಗಾಡಾ. ಏಳನೆಯ ದಿನ ಗಾಳಿಯ ಜೊತೆ ಪಶ್ಚಿಮಕ್ಕೆ ಬಂದು, ಗ್ವಾನಾ ಐಲ್ಯಾಂಡ್‌ನ ಮಂಕಿ ಪಾಯಿಂಟ್‌ನಲ್ಲಿ ಸ್ನಾರ್ಕೆಲಿಂಗ್.

ಕೊನೆಯ ದಿನ ಡೈವ್ ಇಲ್ಲದ್ದನ್ನು ಗಮನಿಸಿದಿರಲ್ವಾ? ಹಲವು ದಿನ ಡೈವ್ ಮಾಡಿದವರು ವಿಮಾನ ಹತ್ತುವ ಮೊದಲು ಕನಿಷ್ಠ 18 ಗಂಟೆ ಬಿಡಬೇಕು. ಇಡೀ ದಿನ ಬಿಟ್ಟರೆ ಇನ್ನೂ ಒಳ್ಳೆಯದು. ಸ್ನಾರ್ಕೆಲಿಂಗ್‌ಗೆ ಈ ತೊಡಕಿಲ್ಲ.

ದಾರಿಯಷ್ಟೇ ಮುಖ್ಯ, ದೋಣಿ ಕಟ್ಟುವ ಜಾಗ. ಹವಳದ ಮೇಲೆ ಲಂಗರು ಬಿದ್ದರೆ ಮುಗಿಯಿತು, ಮತ್ತೆ ಬೆಳೆಯಲು ದಶಕಗಳೇ ಬೇಕು. ಅದಕ್ಕೇ ಡೈವ್ ಜಾಗಗಳಲ್ಲೆಲ್ಲ ನ್ಯಾಷನಲ್ ಪಾರ್ಕ್ಸ್ ಟ್ರಸ್ಟ್ ಮೂರಿಂಗ್ ಬಾಲ್‌ಗಳನ್ನು, ಅಂದರೆ ಲಂಗರಿನ ಬದಲು ದೋಣಿ ಕಟ್ಟುವ ಚೆಂಡುಗಳನ್ನು, ತೇಲಿಬಿಟ್ಟಿದೆ. ಬಣ್ಣಕ್ಕೊಂದು ನಿಯಮ. ಹಳದಿ ಡೈವ್ ಕಂಪನಿಗಳಿಗೆ, ಬಿಳಿ ನಿಮ್ಮಂಥ ಖಾಸಗಿ ದೋಣಿಯ ಡೈವರ್‌ಗಳಿಗೆ, ನೀಲಿ ಡಿಂಗಿಗೆ (ಯಾಟ್ ಜೊತೆಗಿರುವ ಪುಟ್ಟ ದೋಣಿ). 90 ನಿಮಿಷಕ್ಕಿಂತ ಹೆಚ್ಚು ಹೊತ್ತು ಹಿಡಿದಿಟ್ಟುಕೊಳ್ಳುವಂತಿಲ್ಲ, ರಾತ್ರಿ ಉಳಿಯುವಂತಿಲ್ಲ. ಪಾರ್ಕ್ ಪರ್ಮಿಟ್ ಚಾರ್ಟರ್ ಕಂಪನಿಯೇ ಮಾಡಿಸಿದೆಯಾ ಎಂದು ಕೇಳಿಕೊಳ್ಳಿ. ರಾತ್ರಿಯ ಮೂರಿಂಗ್ ಬೇರೆ, ಅದಕ್ಕೆ ದುಡ್ಡು ಕೊಡಬೇಕು. ಕೆಲವನ್ನು ಬೋಟಿಬಾಲ್ ಆ್ಯಪ್‌ನಲ್ಲಿ ಅದೇ ದಿನ ಬೆಳಿಗ್ಗೆ ಏಳಕ್ಕೆ ಬುಕ್ ಮಾಡಬೇಕು, ಸೀಸನ್‌ನಲ್ಲಿ ತತ್ಕಾಲ್ ಟಿಕೆಟಿನ ಗಡಿಬಿಡಿಯೇ. ಬುಕಿಂಗ್ ಇಲ್ಲದವು ಮೊದಲು ಬಂದವರಿಗೆ. ಡೈವ್ ಬೆಳಿಗ್ಗೆ ಮುಗಿಸಿ ಮೂರು ಗಂಟೆಯೊಳಗೆ ಸೇರಿಕೊಳ್ಳುವಂತೆ ದಿನವನ್ನು ಹೊಂದಿಸಿ. ಕತ್ತಲಾದ ಮೇಲೆ ಬೇರ್‌ಬೋಟ್ ಓಡಿಸಲು ಕಂಪನಿಗಳು ಹೇಗೂ ಬಿಡುವುದಿಲ್ಲ.

ಕಾಗದಪತ್ರ

ಬಿವಿಐಗೆ ಹೋಗುವ ದಾರಿಯಲ್ಲಿ ಸಿಗುವ ಮಯಾಮಿ, ಸ್ಯಾನ್ ಹ್ವಾನ್, ಸೇಂಟ್ ಥಾಮಸ್ ಮೂರೂ ಅಮೆರಿಕಕ್ಕೆ ಸೇರಿದ್ದು. ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಅಲ್ಲಿ ವಿಮಾನ ಬದಲಿಸಲಿಕ್ಕೂ ಅಮೆರಿಕದ ವೀಸಾ ಬೇಕು. ಬಿವಿಐಯ ಪ್ರವೇಶ ನಿಯಮ ಬೇರೆಯೇ, ಹಣ ಕಟ್ಟುವ ಮೊದಲು ಅದನ್ನೂ ನೋಡಿ. ಅಮೆರಿಕದಲ್ಲಿ ಎಚ್-1ಬಿ ಎಂಬ ಕೆಲಸದ ವೀಸಾ ಮೇಲಿರುವವರು ಪಾಸ್‌ಪೋರ್ಟಿನ ವೀಸಾ ಸ್ಟ್ಯಾಂಪಿನ ತಾರೀಕು ನೋಡಿಕೊಳ್ಳಿ. ಅವಧಿ ಮುಗಿದ ಸ್ಟ್ಯಾಂಪ್ ಇಟ್ಟುಕೊಂಡು ಕೆನಡಾ, ಮೆಕ್ಸಿಕೊಗೆ ಹೋಗಿಬರುವ 30 ದಿನದ ರಿಯಾಯಿತಿ ಎಚ್-1ಬಿಯವರಿಗೆ ಕೆರಿಬಿಯನ್ ದ್ವೀಪಗಳಿಂದ ಬರುವಾಗ ಸಿಗುವುದಿಲ್ಲ.

ಸಾಮಾನ್ಯ ಪ್ರವಾಸ ವಿಮೆಯಲ್ಲಿ ಡೈವಿಂಗ್ ಎಷ್ಟೋ ಸಲ ಸೇರಿರುವುದಿಲ್ಲ. ಡ್ಯಾನ್ ಎಂಬ ಡೈವರ್‌ಗಳ ಸಂಸ್ಥೆಯ ವಿಮೆ ಇದಕ್ಕೆಂದೇ ಇದೆ. ಸಮುದ್ರದಲ್ಲಿ ತೊಂದರೆಯಾದರೆ ರೇಡಿಯೊ ಚಾನೆಲ್ 16, ಅಥವಾ ಅಲ್ಲಿನ ಫೋನಿನಿಂದ 767. ವೈಸಾರ್ ಎಂಬ ಸ್ವಯಂಸೇವಕರ ರಕ್ಷಣಾ ಪಡೆ ಬರುತ್ತದೆ.

ಚೀಲ, ಊಟ

ಗಟ್ಟಿ ಸೂಟ್‌ಕೇಸ್ ಬೇಡ, ಇಡಲು ಜಾಗವಿರುವುದಿಲ್ಲ. ಮಡಚುವ ಬ್ಯಾಗ್ ತನ್ನಿ. ಮಾಸ್ಕ್ ಸ್ವಂತದ್ದಿರಲಿ, ಮುಖಕ್ಕೆ ಸರಿಯಾಗಿ ಕೂರದ ಮಾಸ್ಕ್ ಇಡೀ ವಾರ ಹಾಳು ಮಾಡುತ್ತದೆ. ಸನ್‌ಸ್ಕ್ರೀನ್ ಜಿಂಕ್ ಆಕ್ಸೈಡ್‌ನದ್ದು ತನ್ನಿ, ಆಕ್ಸಿಬೆನ್ಜೋನ್ ಇರುವುದನ್ನು ಹವಳಕ್ಕೆ ಹಾನಿಯೆಂದು ಪಕ್ಕದ ಅಮೆರಿಕದ ವರ್ಜಿನ್ ಐಲ್ಯಾಂಡ್ಸ್ 2020ರಲ್ಲೇ ನಿಷೇಧಿಸಿದೆ. ಉದ್ದ ತೋಳಿನ ಈಜುಬಟ್ಟೆ ಇನ್ನೂ ಒಳ್ಳೆಯದು. ವಾಂತಿ ಮಾತ್ರೆಯಿಂದ ನಿದ್ದೆ ಬರುತ್ತದೆ, ಡೈವ್ ಮಾಡುವವರು ಡಾಕ್ಟರನ್ನು ಕೇಳಿಯೇ ತೆಗೆದುಕೊಳ್ಳಬೇಕು.

ಕ್ರೂ ಇರುವ ದೋಣಿಯಾದರೆ ಮೊದಲೇ ಊಟದ ಪಟ್ಟಿ ಕಳಿಸಿಕೊಡುತ್ತಾರೆ. ಸಸ್ಯಾಹಾರಿ ಎಂದಷ್ಟೇ ಬರೆದರೆ ಸಾಲದು. ಮೀನು ಬೇಡ, ಮಾಂಸ ಬೇಯಿಸಿದ ನೀರಿನ ಸೂಪ್ ಬೇಡ, ಮೊಟ್ಟೆ ಆಗುತ್ತದೋ ಇಲ್ಲವೋ ಎಲ್ಲ ಬಿಡಿಸಿ ಬರೆಯಿರಿ. ಬೇರ್‌ಬೋಟ್‌ನವರು ಸಾರಿನ ಪುಡಿ, ಚಟ್ನಿಪುಡಿ, ಅವಲಕ್ಕಿ ಜೊತೆಗಿಟ್ಟುಕೊಂಡರೆ ರೋಡ್ ಟೌನ್‌ನ ಸೂಪರ್‌ಮಾರ್ಕೆಟ್‌ನಲ್ಲಿ ಅಕ್ಕಿ, ತರಕಾರಿ ಸಿಗುತ್ತದೆ. ಸಿಹಿನೀರು ಟ್ಯಾಂಕಿನಲ್ಲಿದ್ದಷ್ಟೇ, ಆದ್ದರಿಂದ ಸಮುದ್ರದಲ್ಲೇ ಮೈ ತೊಳೆದು ಕೊನೆಗೆ ಎರಡು ಚೊಂಬು ಸುರಿದುಕೊಳ್ಳುವ ಅಭ್ಯಾಸ ಮಾಡಿಕೊಳ್ಳಿ. ದೋಣಿಯ ಕಮೋಡಿಗೆ ಪೇಪರ್ ಹಾಕಬೇಡಿ, ಕಟ್ಟಿಕೊಂಡರೆ ಬಿಚ್ಚುವ ಕೆಲಸ ನಿಮ್ಮದೇ.

ಅಲ್ಲಿ ನಡೆಯುವುದು ಅಮೆರಿಕನ್ ಡಾಲರ್. ಒಳಬರುವಾಗ ತಲೆಗೆ 10 ಡಾಲರ್ ಪರಿಸರ ಶುಲ್ಕ, ಹೊರಡುವಾಗ ಇನ್ನೊಂದು ತೆರಿಗೆ ಇದೆ. ಮೂರಿಂಗ್, ಟ್ಯಾಕ್ಸಿ, ಟಿಪ್ಸ್ ಎಲ್ಲಕ್ಕೂ ಬೇಕಾಗುತ್ತದೆ, ಸಣ್ಣ ನೋಟುಗಳ ಒಂದು ಕಟ್ಟನ್ನು ನೀರು ಸೋಕದ ಚೀಲದಲ್ಲಿ ಬೇರೆಯೇ ಇಟ್ಟುಕೊಂಡಿರಿ.