ಎಣ್ಣೆ ಬಾಟಲಿ ಮಿಲ್ಲಿನಲ್ಲೇ ಊದುವುದು ಹೇಗೆ?

ಕಾಸರಗೋಡಿನ ಕುಂಬಳೆ, ಬದಿಯಡ್ಕ, ಪೆರ್ಲದ ಕೊಬ್ಬರಿ ಎಣ್ಣೆ ಮಿಲ್ಲುಗಳಿಗೆ ಖಾಲಿ ಬಾಟಲಿ ತರಿಸುವುದೆಂದರೆ ಲಾರಿ ಬಾಡಿಗೆ ಕೊಟ್ಟು ಗಾಳಿ ತರಿಸಿದಂತೆ. ಊದಿದರೆ ಬಾಟಲಿಯಾಗುವ ಸಣ್ಣ ಪ್ಲಾಸ್ಟಿಕ್ ಕೊಳವೆ, ಅಂದರೆ ಪ್ರಿಫಾರ್ಮ್ ತರಿಸಿ ಇಲ್ಲೇ ಊದಿಕೊಂಡರೆ ಅದೇ ಜಾಗದಲ್ಲಿ ಎಷ್ಟೋ ಪಟ್ಟು ಹೆಚ್ಚು ಸರಕು ಬರುತ್ತದೆ. ಎರಡು ಅಚ್ಚಿನ ಸೆಮಿ ಆಟೊಮ್ಯಾಟಿಕ್ ಯಂತ್ರ, ಹೀಟರ್, ಹೈ ಪ್ರೆಶರ್ ಕಂಪ್ರೆಸರ್, ಏರ್ ಡ್ರೈಯರ್, ಅಚ್ಚಿಗೆ ತಣ್ಣೀರು ಹರಿಸುವ ಚಿಲ್ಲರ್ ಇದ್ದರೆ ಕೆಲಸ ಶುರು ಮಾಡಬಹುದು.

ಪ್ರಿಫಾರ್ಮ್ ಎಂದರೆ ಪೆಟ್ ಪ್ಲಾಸ್ಟಿಕ್ಕಿನ, ದಪ್ಪ ಗೋಡೆಯ ಸಣ್ಣ ಕೊಳವೆ. ಕತ್ತು ಮತ್ತು ಮುಚ್ಚಳದ ತಿರುಪು ಮೊದಲೇ ತಯಾರಾಗಿರುತ್ತವೆ, ಆಮೇಲೆ ಬದಲಿಸಲಾಗದು. ಆದ್ದರಿಂದ ಮುಚ್ಚಳ ನಿಶ್ಚಯಿಸಿದ ಮೇಲೆಯೇ ಪ್ರಿಫಾರ್ಮ್ ಕೊಳ್ಳಿ. 1 ಲೀಟರ್ ನೀರಿನ ಬಾಟಲಿಗೆ 20 ಗ್ರಾಂ ಆಸುಪಾಸಿನದು ಸಾಕು, ಎಣ್ಣೆಗೆ ತುಸು ಭಾರದ್ದೇ ಒಳ್ಳೆಯದು. ಪೆಟ್ ತೇವ ಹೀರುತ್ತದೆ. ಮಳೆಗಾಲದಲ್ಲಿ ಚೀಲ ಬಿಚ್ಚಿ ಇಡಬೇಡಿ, ಹಳೆಯ ಸರಕನ್ನು ಮೊದಲು ಮುಗಿಸಿ.

ಮೊದಲ ಹಂತ ಕಾಯಿಸುವುದು. ಬಾಟಲಿ ಚೆನ್ನಾಗುವುದೂ ಕೆಡುವುದೂ ಹೆಚ್ಚಾಗಿ ಇಲ್ಲೇ. ಪ್ರಿಫಾರ್ಮ್ ತಿರುಗುತ್ತಾ ಇನ್‌ಫ್ರಾರೆಡ್ ದೀಪಗಳ ಮುಂದೆ ಸಾಗಿ 90ರಿಂದ 110 ಡಿಗ್ರಿ ಸೆಲ್ಸಿಯಸ್ ತಲುಪಬೇಕು. ಕತ್ತಿಗೆ ಮಾತ್ರ ಬಿಸಿ ತಗಲಬಾರದು. ತಗಲಿದರೆ ತಿರುಪು ಅಂಡಾಕಾರವಾಗಿ ಮುಚ್ಚಳದಿಂದ ಎಣ್ಣೆ ಒಸರುತ್ತದೆ. ದೀಪದ ಪ್ರತಿ ಸಾಲಿಗೂ ಬೇರೆ ನಿಯಂತ್ರಣವಿದೆ. ಬಾಟಲಿಯ ಯಾವ ಭಾಗ ದಪ್ಪ ಉಳಿಯುತ್ತದೋ ಅದಕ್ಕೆ ಎದುರಾದ ಸಾಲನ್ನು ಏರಿಸಿ, ತೆಳುವಾದರೆ ಇಳಿಸಿ.

ಮುತ್ತಿನಂತೆ ಬಿಳಿ ಹೊಳಪು ಬಂದರೆ ಪ್ಲಾಸ್ಟಿಕ್ ತಣ್ಣಗಿದ್ದಾಗಲೇ ಎಳೆದಿದ್ದೀರಿ ಎಂದರ್ಥ. ಹಾಲು ಕದಡಿದಂಥ ಮಬ್ಬಾದರೆ ಬಿಸಿ ಹೆಚ್ಚಾಗಿ ಪ್ಲಾಸ್ಟಿಕ್ ಹರಳುಗಟ್ಟಿದೆ. ಎರಡನ್ನೂ ಒಂದೇ ಎಂದು ತಿಳಿದು ಹೀಟರ್ ಏರಿಸಿದರೆ ಎರಡನೆಯದು ಇನ್ನೂ ಕೆಡುತ್ತದೆ. ಬಿಳುಪು ಗೋಡೆಯ ಒಳಮೈಯಲ್ಲಿ ಮಾತ್ರ ಇದ್ದರೆ ಹೊರಗೆ ಕಾದು ಒಳಗೆ ಕಾದಿಲ್ಲ. ಆಗ ದೀಪ ಏರಿಸಬೇಡಿ, ಹೀಟರಿನಿಂದ ಅಚ್ಚಿಗೆ ಹೋಗುವ ಮೊದಲು ಕೆಲವು ಸೆಕೆಂಡು ಹೆಚ್ಚು ಬಿಡಿ. ಕೈಯಲ್ಲಿ ಎತ್ತಿಡುವ ಯಂತ್ರದಲ್ಲಿ ಆಳು ಒಮ್ಮೆ ಬೇಗ, ಒಮ್ಮೆ ತಡವಾಗಿ ಇಟ್ಟರೂ ಇದೇ ತೊಂದರೆ. ನಮ್ಮ ಹಳ್ಳಿಗಳ ಕರೆಂಟಿನ ಕಥೆ ಗೊತ್ತಲ್ಲ! ವೋಲ್ಟೇಜ್ ಬಿದ್ದಷ್ಟಕ್ಕಿಂತ ಹೆಚ್ಚು ಪಾಲು ದೀಪದ ಶಾಖ ಬೀಳುತ್ತದೆ. ಸ್ಟೆಬಿಲೈಜರ್ ಇಲ್ಲದೆ ಈ ಕೆಲಸಕ್ಕೆ ಇಳಿಯಲೇಬೇಡಿ.

ಅಚ್ಚು ಮುಚ್ಚಿದ ಮೇಲೆ ಸರಳು ಇಳಿದು ಪ್ರಿಫಾರ್ಮನ್ನು ಉದ್ದಕ್ಕೆ ಎಳೆಯುತ್ತದೆ. ಜೊತೆಗೇ 6ರಿಂದ 10 ಬಾರ್ (1 ಬಾರ್ ಎಂದರೆ ಸುಮಾರು ನಮ್ಮ ಸುತ್ತಲಿನ ಗಾಳಿಯ ಒತ್ತಡ) ಗಾಳಿ ಅಡ್ಡಕ್ಕೆ ಹಿಗ್ಗಿಸುತ್ತದೆ. ಹೀಗೆ ಎರಡೂ ದಿಕ್ಕಿಗೆ ಎಳೆದದ್ದರಿಂದಲೇ ತೆಳು ಬಾಟಲಿಗೂ ಗಟ್ಟಿತನ. ಸರಳು ತಳ ಮುಟ್ಟುವ ಮುಂಚೆ ಗಾಳಿ ಜೋರಾಗಿ ಬಂದರೆ ಪ್ರಿಫಾರ್ಮ್ ತಳದ ನಡುವಿನ ಸಣ್ಣ ಚುಕ್ಕೆ ಬದಿಗೆ ಸರಿದು, ಒಂದು ಬದಿ ತೆಳುವಾಗಿ ಒಡೆಯುತ್ತದೆ. ಬಳಿಕ 25ರಿಂದ 35 ಬಾರ್ ಗಾಳಿ ಬಾಟಲಿಯನ್ನು ಅಚ್ಚಿಗೆ ಒತ್ತಿ ಒಂದೆರಡು ಸೆಕೆಂಡು ಹಿಡಿಯುತ್ತದೆ. ಗಾಳಿ ಪೂರ್ತಿ ಹೊರಹೋದ ಮೇಲೆಯೇ ಅಚ್ಚು ತೆರೆಯಬೇಕು.

ಕಂಪ್ರೆಸರ್ ಆರಿಸಲು ಸುಲಭ ಲೆಕ್ಕವಿದೆ. 1 ಲೀಟರ್ ಬಾಟಲಿಗೆ 30 ಬಾರ್ ಎಂದರೆ ಸುಮಾರು 30 ಲೀಟರ್ ಹೊರಗಿನ ಗಾಳಿ. ಗಂಟೆಗೆ 600 ಬಾಟಲಿಯಾದರೆ ನಿಮಿಷಕ್ಕೆ 300 ಲೀಟರ್. ಪೈಪಿನಲ್ಲಿ ಉಳಿಯುವುದು, ಸೋರುವುದು ಇದರ ಮೇಲೆ. ಗಾಳಿಯಲ್ಲಿ ಕಂಪ್ರೆಸರ್ ಎಣ್ಣೆಯ ಅಂಶ ಇರಕೂಡದು, ಬಾಟಲಿಗೆ ತುಂಬುವುದು ತಿನ್ನುವ ವಸ್ತು.

ಚಿಲ್ಲರ್ ನೀರು ಸಾಮಾನ್ಯವಾಗಿ 10ರಿಂದ 15 ಡಿಗ್ರಿ. ಆದರೆ ಆಟಿಯ (ಜುಲೈ-ಆಗಸ್ಟ್) ಮಳೆಯಲ್ಲಿ ಅಷ್ಟು ತಣ್ಣನೆಯ ಅಚ್ಚಿನ ಮೇಲೆ ನೀರು ಹನಿಯುತ್ತದೆ, ಬಾಟಲಿಯ ಮೈ ಕಿತ್ತಳೆ ಸಿಪ್ಪೆಯಂತೆ ಒರಟಾಗುತ್ತದೆ. ಬಟ್ಟೆಯಲ್ಲಿ ಒರೆಸುತ್ತಾ ಕೂರುವುದು ಪರಿಹಾರವಲ್ಲ. ಯಂತ್ರದ ಕೋಣೆಗೆ ಗಾಳಿಯ ತೇವ ತೆಗೆಯುವ ಡಿಹ್ಯುಮಿಡಿಫೈಯರ್ ಹಾಕಿ, ಇಲ್ಲವೇ ನೀರನ್ನು ತುಸು ಬೆಚ್ಚಗಿಟ್ಟು ಹಿಡಿಯುವ ಸಮಯ ಹೆಚ್ಚಿಸಿ. ತಳ ಆರದೆ ಹೊರಬಂದರೆ ಹೊರಕ್ಕೆ ಉಬ್ಬಿ ಬಾಟಲಿ ಅಲುಗಾಡುತ್ತದೆ.

ದಿನಕ್ಕೊಂದೆರಡು ಬಾಟಲಿ ಕತ್ತರಿಸಿ ಹೆಗಲು, ನಡು, ತಳದ ತುಂಡುಗಳನ್ನು ಬೇರೆಬೇರೆಯಾಗಿ ತೂಗಿ ಬರೆದಿಡಿ. ಹೊರನೋಟಕ್ಕೆ ಕಾಣದ ಏರುಪೇರು ಅಲ್ಲಿ ಸಿಗುತ್ತದೆ.

ಎಣ್ಣೆಯನ್ನು 40 ಡಿಗ್ರಿಗಿಂತ ಕೆಳಗೆ ಆರಿಸಿಯೇ ತುಂಬಿ. ಬಿಸಿ ತೀರಾ ಹೆಚ್ಚಿದ್ದರೆ ಬಾಟಲಿ ಕುಗ್ಗುತ್ತದೆ, ಬೆಚ್ಚಗಿದ್ದಾಗ ಮುಚ್ಚಿದರೂ ಆರಿದ ಮೇಲೆ ಬದಿ ಒಳಕ್ಕೆ ಕುಸಿಯುತ್ತದೆ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಯಲ್ಲಿ ಹೆಪ್ಪುಗಟ್ಟುವಾಗಲೂ ಕುಗ್ಗುವುದರಿಂದ, ಡಿಸೆಂಬರ್ ಸರಕಿಗೆ ಕತ್ತಿನ ಕೆಳಗೆ ಸ್ವಲ್ಪ ಹೆಚ್ಚು ಜಾಗ ಬಿಡಿ; ಅಲ್ಲಿನ ಗಾಳಿ ಹಿಗ್ಗಿ ಬದಿ ಕುಸಿಯುವುದನ್ನು ತಗ್ಗಿಸುತ್ತದೆ.