ಕಟ್ಟುವ ಮೊದಲೇ ಬೆಳಕು ಕಾಣಬೇಕು: ರೆಂಡರಿಂಗ್ ಸಾಫ್ಟ್‌ವೇರ್ ಆರಿಸುವುದು ಹೇಗೆ?

ಕಟ್ಟಡ ಇನ್ನೂ ನಕ್ಷೆಯಲ್ಲಿರುವಾಗಲೇ ಅದರ ಚಿತ್ರ ನೋಡಿ ಜನ ತೀರ್ಮಾನಕ್ಕೆ ಬರುತ್ತಾರೆ. ಕಿಟಕಿ ಇಷ್ಟು ಅಗಲ ಸಾಕೇ, ನೆಲಕ್ಕೆ ಈ ಕಲ್ಲು ಒಪ್ಪುತ್ತದೆಯೇ, ಒಳಕೋಣೆಯಲ್ಲಿ ಮಧ್ಯಾಹ್ನವೂ ದೀಪ ಹಾಕಬೇಕಾಗುತ್ತದೆಯೇ ಎಂಬುದೆಲ್ಲ ರೆಂಡರ್ ಮಾಡಿದ, ಅಂದರೆ ಕಟ್ಟಡದ ತ್ರೀಡಿ ಮಾಡೆಲ್‌ನಿಂದ ಕಂಪ್ಯೂಟರ್ ಬೆಳಕಿನ ಲೆಕ್ಕ ಹಾಕಿ ಮೂಡಿಸಿದ ಚಿತ್ರದ ಮೇಲೆ ನಿಂತಿರುತ್ತದೆ. ಚಿತ್ರದಲ್ಲಿ ಕಂಡ ಬೆಳಕು ಕಟ್ಟಿದ ಮೇಲೆ ಸಿಗದಿದ್ದರೆ ಹಣ ಹಾಕಿದವರಿಗೆ ಮೋಸವಾದಂತೆಯೇ. ಹಾಗಾಗಿ ಕಂಪನಿಗಳು ಜಾಹೀರಾತಿನಲ್ಲಿ ತೋರಿಸುವ ಸೊಗಸಾದ ಚಿತ್ರಗಳನ್ನು ನೋಡಿ ಸಾಫ್ಟ್‌ವೇರ್ ಕೊಳ್ಳಬೇಡಿ. ಅವನ್ನು ಮಾಡಿದವರು ನುರಿತ ಕಲಾವಿದರು. ಯಾವ ಸಾಫ್ಟ್‌ವೇರ್ ಕೊಟ್ಟರೂ ಅವರ ಕೈಯಲ್ಲಿ ಚಿತ್ರ ಚೆನ್ನಾಗಿಯೇ ಬರುತ್ತದೆ.

ಮೊದಲು ನಿಮ್ಮ ಕೆಲಸದ ಪಟ್ಟಿ

ಇತ್ತೀಚೆಗೆ ಮುಗಿಸಿದ ಕೆಲವು ಪ್ರಾಜೆಕ್ಟ್‌ಗಳನ್ನು ಮುಂದಿಟ್ಟುಕೊಂಡು, ಯಾವ ಹಂತದಲ್ಲಿ ಎಂಥ ಚಿತ್ರ ಬೇಕಾಯಿತು ಎಂದು ಬರೆದುಕೊಳ್ಳಿ. ಗ್ರಾಹಕರ ಎದುರಿಗೇ ಗೋಡೆ ಸರಿಸಿ, ಬಣ್ಣ ಬದಲಿಸಿ ತೋರಿಸುವ ಕೆಲಸ ಹೆಚ್ಚೋ? ಎಲ್ಲ ಅಂತಿಮವಾದ ಮೇಲೆ ಮುದ್ರಣಕ್ಕೆ ಹೋಗುವ ನಾಲ್ಕೈದು ಚಿತ್ರಗಳೋ? ವಿಡಿಯೊ ಕೇಳುತ್ತಾರೋ? ಮೂರಕ್ಕೂ ಲೆಕ್ಕ ಬೇರೆ. ಎ3 ಹಾಳೆಯ ಮೇಲೆ 300 ಡಿಪಿಐಯಲ್ಲಿ, ಅಂದರೆ ಇಂಚಿಗೆ 300 ಚುಕ್ಕೆಯಂತೆ, ಮುದ್ರಿಸಲು 4961 × 3508 ಪಿಕ್ಸೆಲ್ ಬೇಕು. ಇದು ಫುಲ್ ಎಚ್‌ಡಿ ಚಿತ್ರದ ಎಂಟು ಪಟ್ಟಿಗೂ ಹೆಚ್ಚು. ವಿಡಿಯೊ ಇನ್ನೂ ದುಬಾರಿ: ಸೆಕೆಂಡಿಗೆ 25 ಬಿಡಿ ಚಿತ್ರ, ಅಂದರೆ ಫ್ರೇಮ್‌ನಂತೆ 30 ಸೆಕೆಂಡಿಗೆ 750 ಫ್ರೇಮ್. ಒಂದೊಂದಕ್ಕೆ ಹತ್ತು ನಿಮಿಷ ಹಿಡಿದರೆ ಒಟ್ಟು 125 ಗಂಟೆ, ಅಂದರೆ ಕಂಪ್ಯೂಟರ್ ಐದು ದಿನಕ್ಕೂ ಹೆಚ್ಚು ಹೊತ್ತು ಬಿಡುವಿಲ್ಲದೆ ಓಡಬೇಕು.

ಬೆಳಕಿನ ಲೆಕ್ಕ ಹಾಕುವ ಎರಡು ಬಗೆ

ಈ ಭಾಗವನ್ನು ಅವಸರ ಮಾಡದೆ ಓದಿ. ಉಳಿದ ಆಯ್ಕೆಗಳೆಲ್ಲ ಇದರ ಮೇಲೆ ನಿಂತಿವೆ.

ಬೆಳಕು ಒಂದು ಮೇಲ್ಮೈಗೆ ಬಡಿದು ಅಲ್ಲಿಂದ ಇನ್ನೊಂದಕ್ಕೆ ಹೇಗೆ ಹೋಗುತ್ತದೆ ಎಂಬುದನ್ನು ಕಂಪ್ಯೂಟರ್ ಗ್ರಾಫಿಕ್ಸ್ ಸಂಶೋಧಕ ಜೇಮ್ಸ್ ಕಜಿಯಾ 1986ರಲ್ಲಿ ಒಂದೇ ಸಮೀಕರಣದಲ್ಲಿ ಹಿಡಿದಿಟ್ಟರು. ಅದನ್ನು ಬಿಡಿಸಲು ಅವರು ಸೂಚಿಸಿದ ವಿಧಾನವೇ ಪಾತ್ ಟ್ರೇಸಿಂಗ್. ವಿ-ರೇ, ಕರೋನಾ, ಬ್ಲೆಂಡರ್‌ನ ಸೈಕಲ್ಸ್ ಎಂಬ ಸಾಫ್ಟ್‌ವೇರ್‌ಗಳು ಈ ಪರಂಪರೆಯವು. ಇವು ಪ್ರತಿ ಪಿಕ್ಸೆಲ್‌ಗೂ ನೂರಾರು ಕಿರಣಗಳನ್ನು ಹಾಯಿಸಿ ಸರಾಸರಿ ತೆಗೆಯುತ್ತವೆ. ಕಿರಣ ಕಡಿಮೆಯಾದರೆ ಚಿತ್ರದಲ್ಲಿ ನಾಯ್ಸ್, ಅಂದರೆ ಮರಳು ಉದುರಿಸಿದಂಥ ಚುಕ್ಕೆಗಳು ಉಳಿಯುತ್ತವೆ. ನಾಯ್ಸ್ ಅರ್ಧಕ್ಕೆ ಇಳಿಯಬೇಕಾದರೆ ಕಿರಣಗಳು ನಾಲ್ಕು ಪಟ್ಟು ಬೇಕು, ಸಮಯವೂ ಹೆಚ್ಚುಕಡಿಮೆ ಅಷ್ಟೇ ಪಟ್ಟು. ಈ ಚುಕ್ಕೆಗಳನ್ನು ಅಳಿಸುವ ಡಿನಾಯ್ಸರ್ ಈ ಹೊರೆಯನ್ನು ಬಹಳ ಇಳಿಸಿದೆ. ಆದರೆ ಅದು ಬಟ್ಟೆಯ ನೇಯ್ಗೆ, ಮರದ ಎಳೆಯಂಥ ಸೂಕ್ಷ್ಮಗಳನ್ನೂ ಕೆಲವೊಮ್ಮೆ ಒರೆಸಿಹಾಕುತ್ತದೆ.

ಇನ್ನೊಂದು ಬಗೆ ರಿಯಲ್-ಟೈಮ್, ಅಂದರೆ ಬದಲಾಯಿಸಿದ ತಕ್ಷಣ ಚಿತ್ರ ಮೂಡಿಸುವುದು. ಲುಮಿಯಾನ್, ಎನ್‌ಸ್ಕೇಪ್, ಟ್ವಿನ್‌ಮೋಷನ್, ಡಿ5 ಈ ಸಾಲಿನವು. ಮೌಸ್ ಎಳೆದಂತೆ ಸೂರ್ಯ ಸರಿಯುತ್ತಾನೆ, ಕೋಣೆಯೊಳಗೆ ಓಡಾಡಬಹುದು. ಈ ವೇಗಕ್ಕಾಗಿ ಬೆಳಕಿನ ಲೆಕ್ಕದಲ್ಲಿ ಒಂದಷ್ಟು ಅಂದಾಜು ಸೇರಿರುತ್ತದೆ. ಪರದೆಯ ಮೇಲೆ ಕಾಣುವುದನ್ನಷ್ಟೇ ಬಳಸಿ ಪ್ರತಿಫಲನ ಕಟ್ಟುವ ವಿಧಾನದಲ್ಲಿ, ಕ್ಯಾಮೆರಾದ ಹಿಂದಿರುವ ಕಿಟಕಿ ಎದುರಿನ ಕನ್ನಡಿಯಲ್ಲಿ ಮೂಡುವುದೇ ಇಲ್ಲ. 2018ರಲ್ಲಿ ಕಿರಣಗಳ ಲೆಕ್ಕವನ್ನು ಬೇಗ ಮಾಡುವ ಎನ್‌ವಿಡಿಯಾದ ಆರ್‌ಟಿಎಕ್ಸ್ ಗ್ರಾಫಿಕ್ಸ್ ಕಾರ್ಡ್‌ಗಳು ಬಂದ ಮೇಲೆ ಈ ಅಂತರ ಕಡಿಮೆಯಾಗಿದೆ. ಟ್ವಿನ್‌ಮೋಷನ್‌ನಲ್ಲಿ ಈಗ ಪಾತ್ ಟ್ರೇಸರ್ ಕೂಡ ಇದೆ.

ನನ್ನ ಅಭಿಪ್ರಾಯ ಇಷ್ಟು: ವಿನ್ಯಾಸ ಇನ್ನೂ ಬದಲಾಗುತ್ತಿರುವಾಗ ಮತ್ತು ವಿಡಿಯೊಗೆ ರಿಯಲ್-ಟೈಮ್ ಹಿಡಿಯಿರಿ. ಕಿಟಕಿಯ ಅಳತೆ, ಒಳಾಂಗಣದ ಬೆಳಕು ಇಂಥವು ಚಿತ್ರ ನೋಡಿ ನಿರ್ಧಾರವಾಗುವುದಾದರೆ ಪಾತ್ ಟ್ರೇಸಿಂಗ್ ಬಿಟ್ಟು ಬೇರೆ ದಾರಿಗೆ ಹೋಗಬೇಡಿ.

ಮಾಡೆಲ್ ಎಲ್ಲಿ ತಯಾರಾಗುತ್ತದೆ?

ಮಾಡೆಲ್ ಮಾಡಲು ಸ್ಕೆಚಪ್, ರೆವಿಟ್, ರೈನೋ, ಆರ್ಕಿಕ್ಯಾಡ್ ಬಳಸುವವರಿಗೆ ಎನ್‌ಸ್ಕೇಪ್ ಆ ಸಾಫ್ಟ್‌ವೇರ್‌ನೊಳಗೇ ಪ್ಲಗಿನ್ (ಸೇರಿಸಿಕೊಳ್ಳುವ ಭಾಗ) ಆಗಿ ಕೂರುತ್ತದೆ. ಕರೋನಾ ಬೇಕೆಂದರೆ ತ್ರೀಡಿಎಸ್ ಮ್ಯಾಕ್ಸ್ ಅಥವಾ ಸಿನೆಮಾ 4ಡಿ ಕಲಿತಿರಬೇಕು. ಹೊರಗೆ ಪ್ರತ್ಯೇಕವಾಗಿ ತೆರೆಯುವ ಸಾಫ್ಟ್‌ವೇರ್ ಆದರೆ ಮಾಡೆಲ್ ಬದಲಾದಾಗ ಅಲ್ಲಿಯೂ ತಾನಾಗಿ ಬದಲಾಗುತ್ತದೆಯೇ, ಹಚ್ಚಿದ ಮೆಟೀರಿಯಲ್‌ಗಳು (ಕಲ್ಲು, ಮರದಂಥ ಮೇಲ್ಮೈಗಳು) ಉಳಿಯುತ್ತವೆಯೇ ನೋಡಿ.

ಕಂಪ್ಯೂಟರ್ ತಡೆದುಕೊಳ್ಳುತ್ತದೆಯೇ?

ಕರೋನಾ ಸಿಪಿಯು, ಅಂದರೆ ಕಂಪ್ಯೂಟರ್‌ನ ಮುಖ್ಯ ಪ್ರೊಸೆಸರ್ ಮೇಲೆ ಓಡುತ್ತದೆ. ವಿ-ರೇ, ಸೈಕಲ್ಸ್ ಸಿಪಿಯು ಮತ್ತು ಗ್ರಾಫಿಕ್ಸ್ ಕಾರ್ಡ್ ಎರಡರಲ್ಲೂ ಓಡುತ್ತವೆ. ರಿಯಲ್-ಟೈಮ್ ಬಳಗಕ್ಕೆ ಗ್ರಾಫಿಕ್ಸ್ ಕಾರ್ಡ್ ಇಲ್ಲದೆ ನಡೆಯದು. ಅಂಗಡಿಯಲ್ಲಿ ಕಾರ್ಡಿನ ವೇಗದ ಬಗ್ಗೆ ಹೇಳುತ್ತಾರೆ, ನೀವು ಮೊದಲು ವಿಡಿಯೊ ಮೆಮೊರಿ ಎಷ್ಟೆಂದು ಕೇಳಿ. 4096 × 4096 ಪಿಕ್ಸೆಲ್‌ನ ಒಂದು ಟೆಕ್ಸ್‌ಚರ್ (ಮೇಲ್ಮೈಗೆ ಹಚ್ಚುವ ಚಿತ್ರ) ಸಂಕುಚಿತಗೊಳ್ಳದಿದ್ದರೆ ಮೆಮೊರಿಯಲ್ಲಿ 64 ಎಂಬಿ ಜಾಗ ಹಿಡಿಯುತ್ತದೆ. ಒಂದು ಸೋಫಾಗೆ ಬಣ್ಣ, ಹೊಳಪು, ಉಬ್ಬುತಗ್ಗು ಎಂದು ಮೂರು ಟೆಕ್ಸ್‌ಚರ್ ಹಾಕಿದರೆ 192 ಎಂಬಿ ಹೋಯಿತು. ಕೋಣೆ ತುಂಬ ಪೀಠೋಪಕರಣ, ಹೊರಗೆ ತೋಟ ಸೇರಿದರೆ 8 ಜಿಬಿ ಕಾರ್ಡ್ ಎಷ್ಟು ಬೇಗ ತುಂಬುತ್ತದೆ ಎಂಬುದನ್ನು ನೀವೇ ಲೆಕ್ಕ ಹಾಕಿ. ಮೆಮೊರಿ ಸಾಲದಿದ್ದರೆ ರೆಂಡರ್ ತೀರಾ ನಿಧಾನವಾಗುತ್ತದೆ, ಇಲ್ಲವೇ ನಿಂತೇ ಹೋಗುತ್ತದೆ. ಮ್ಯಾಕ್ ಬಳಸುವವರು ಇನ್ನೊಂದನ್ನು ಗಮನಿಸಬೇಕು: ಲುಮಿಯಾನ್ ಪ್ರೊ ವಿಂಡೋಸ್‌ಗೆ ಮಾತ್ರ.

ಲೈಸೆನ್ಸ್ ಮತ್ತು ಲೈಬ್ರರಿ

ಬ್ಲೆಂಡರ್ ಪೂರ್ತಿ ಉಚಿತ, ವ್ಯಾಪಾರಕ್ಕೂ ಬಳಸಬಹುದು. ವರ್ಷಕ್ಕೆ 10 ಲಕ್ಷ ಡಾಲರ್‌ಗಿಂತ ಕಡಿಮೆ ವರಮಾನ ಇರುವವರಿಗೆ ಟ್ವಿನ್‌ಮೋಷನ್ 2024ರಿಂದ ಉಚಿತವಾಗಿದೆ. ಉಳಿದವು ಬಹುಪಾಲು ಚಂದಾ ಲೆಕ್ಕದಲ್ಲಿ ಸಿಗುತ್ತವೆ. ವಿ-ರೇ ತಯಾರಿಸುವ ಕೇಯಾಸ್ ಕಂಪನಿ 2017ರಲ್ಲಿ ಕರೋನಾವನ್ನು ಕೊಂಡಿತು, 2022ರಲ್ಲಿ ಎನ್‌ಸ್ಕೇಪ್ ಜೊತೆ ಒಂದಾಯಿತು. ಹೀಗಾಗಿ ಮರ, ಕುರ್ಚಿ, ಜನರ ಮಾಡೆಲ್‌ಗಳಿರುವ ಕಾಸ್ಮಾಸ್ ಲೈಬ್ರರಿ ಈ ಮೂರಕ್ಕೂ ಸಿಗುತ್ತದೆ. ಸ್ಕೆಚಪ್ ಬಳಸುವವರು ಎನ್‌ಸ್ಕೇಪ್‌ನಲ್ಲಿ ಶುರು ಮಾಡಿದ ದೃಶ್ಯವನ್ನು ವಿ-ರೇಯಲ್ಲಿ ಮುಂದುವರಿಸಲೂ ಬಹುದು. ಎರಡೂ ಬಗೆಯ ಕೆಲಸ ಬರುವ ಕಚೇರಿಗೆ ಈ ಜೋಡಿ ಅನುಕೂಲ.

ಕೊನೆಗೆ, ನೀವು ಕೂತಿರುವ ಕೋಣೆಯಲ್ಲೇ ಪರೀಕ್ಷೆ

ಪಟ್ಟಿಯಲ್ಲಿ ಎರಡು ಉಳಿದಾಗ ಟ್ರಯಲ್ ಆವೃತ್ತಿ ಇಳಿಸಿಕೊಳ್ಳಿ. ಜೊತೆಗೆ ಬರುವ ಮಾದರಿ ದೃಶ್ಯ ತೆರೆಯಬೇಡಿ. ನೀವು ಕೆಲಸ ಮಾಡುವ ಕೋಣೆಯನ್ನೇ ಟೇಪ್ ಹಿಡಿದು ಅಳೆದು ಮಾಡೆಲ್ ಮಾಡಿ. ಒಂದೇ ಕಿಟಕಿಯ ಕೋಣೆಯಾದರೆ ಒಳ್ಳೆಯದು, ಬೆಳಕಿನ ಲೆಕ್ಕಕ್ಕೆ ಅದಕ್ಕಿಂತ ಕಷ್ಟದ ಪರೀಕ್ಷೆ ಬೇಡ. ಅಕ್ಷಾಂಶ, ರೇಖಾಂಶ, ದಿನಾಂಕ, ಗಂಟೆ ತುಂಬಿ ಸೂರ್ಯನನ್ನು ಹೊಂದಿಸಿ. ಅದೇ ಹೊತ್ತಿಗೆ, ಅದೇ ಜಾಗದಿಂದ, ದೀಪ ಆರಿಸಿ ಒಂದು ಫೋಟೊ ತೆಗೆಯಿರಿ.

ಫೋಟೊ ಮತ್ತು ರೆಂಡರ್ ಅಕ್ಕಪಕ್ಕ ಇಟ್ಟು ಮೊದಲು ಗೋಡೆ ಮತ್ತು ಚಾವಣಿ ಸೇರುವ ಮೂಲೆಯನ್ನು ನೋಡಿ. ಅಲ್ಲಿ ಕಾರಣವಿಲ್ಲದ ಬಿಳಿ ಗೆರೆ ಕಂಡರೆ ಬೆಳಕು ಗೋಡೆ ತೂರಿ ಸೋರುತ್ತಿದೆ ಎಂದರ್ಥ. ಮೇಜಿನ ಕಾಲು ನೆಲಕ್ಕೆ ತಾಗುವ ಕಡೆ ನೆರಳು ಗಾಢವಾಗದಿದ್ದರೆ ಮೇಜು ತೇಲಿದಂತೆ ಕಾಣುತ್ತದೆ. ಕೆಂಪು ನೆಲವಿದ್ದರೆ ಬಿಸಿಲು ಬಿದ್ದಾಗ ಬಿಳಿ ಚಾವಣಿಗೂ ಆ ಬಣ್ಣ ಸ್ವಲ್ಪ ಹತ್ತಬೇಕು. ಇನ್ನು ಕಿಟಕಿಯಿಂದ ದೂರದ ಮೂಲೆ: ಫೋಟೊದಲ್ಲಿ ಕತ್ತಲಿದ್ದು ರೆಂಡರ್‌ನಲ್ಲಿ ಬೆಳಗುತ್ತಿದ್ದರೆ ಮೊದಲು ಎರಡರ ಎಕ್ಸ್‌ಪೋಷರ್ (ಕ್ಯಾಮೆರಾ ಒಳಗೆ ಬಿಡುವ ಬೆಳಕಿನ ಪ್ರಮಾಣ) ಒಂದೇ ಇದೆಯೇ ನೋಡಿ. ಒಂದೇ ಇದ್ದೂ ವ್ಯತ್ಯಾಸ ಉಳಿದರೆ, ಬೆಳಕಿನ ಬಗ್ಗೆ ಮಾತು ಕೊಡಬೇಕಾದ ಚಿತ್ರಗಳಿಗೆ ಆ ಸಾಫ್ಟ್‌ವೇರ್ ಬೇಡ.

ಎರಡೂ ಸಾಫ್ಟ್‌ವೇರ್ ಪಾಸಾದರೆ ದಿನವೂ ಅದರ ಮುಂದೆ ಕೂರುವವರ ಕೈಗೆ ಕೊಟ್ಟು, ಅವರು ಹೇಳಿದ್ದನ್ನೇ ಕೊಳ್ಳಿ. ಕೋಣೆಯ ಫೈಲ್ ಅಳಿಸಬೇಡಿ. ಮುಂದಿನ ಆವೃತ್ತಿ ಬಂದಾಗಲೂ ಹೊಸ ಕಾರ್ಡ್ ಹಾಕಿದಾಗಲೂ ಅದನ್ನೇ ಓಡಿಸಿ ನೋಡಬಹುದು.